ಮಾವನ ಎದೆಯ ಅಳತೆ

ಉಮಾಬಾಯಿಯ ಒಳ್ಳೆಯ ಕತ್ತರಿ ಹಾಳಾದದ್ದು ಸೊಸೆಯ ಸಂಶೋಧನೆಯ ದೆಸೆಯಿಂದ. ರವಿಕೆ ಬಟ್ಟೆ ಬಿಟ್ಟು ಇನ್ನೇನನ್ನೂ ಮುಟ್ಟಿರದ ಕತ್ತರಿ ಅದು. ರಶ್ಮಿ ಅದರಿಂದ ತಾಮ್ರದ ಎಳೆ ಸೇರಿಸಿ ನೇಯ್ದ ಬಟ್ಟೆ ಕತ್ತರಿಸಿ, ಮೊಂಡು ಮಾಡಿ, ಏನೂ ಆಗಿಲ್ಲವೆಂಬಂತೆ ಡಬ್ಬಿಯಲ್ಲಿಟ್ಟಿದ್ದಳು.

“ಇದೇನ್ ಬಟ್ಟಿನೋ ತಗಡೋ?” ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ ಚೂರೊಂದನ್ನು ಎತ್ತಿ ಹಿಡಿದು ಉಮಾಬಾಯಿ ಕೇಳಿದಳು.

“ಆಂಟೆನಾ ರೀ ಅತ್ತಿ. ಅಂಗಿ ಒಳಗ ಹೊಲಿಯೋದು. ಹಾಕ್ಕೊಂಡವರ ಎದಿ ಬಡಿತ ಹ್ಯಾಂಗೈತಿ ಅಂತ ಅದು ತಾನ ದವಾಖಾನಿಗೆ ತಿಳಸ್ತೈತಿ.”

“ತಿಳಸ್ಲಿ. ಮೊದಲ ನನ್ನ ಕತ್ತರಿಗೆ ಸಾಣಿ ಹಿಡಿಸ್ಕೊಂಡ್ ಬಾ.”

ಮಾತು ಖಾರವಾಗಿದ್ದರೂ ಉಮಾಬಾಯಿಗೆ ಸೊಸೆಯ ಮೇಲೆ ಒಳಗೊಳಗೇ ಹೆಮ್ಮೆಯಿತ್ತು. ಲಿಂಗಸೂಗೂರಿನಿಂದ ಹೈದರಾಬಾದಿಗೆ ಬಂದು, ಗಂಡನ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಮಿಯಾಪುರದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನೆಲೆಯೂರಿದವಳು ಅವಳು. ಕೆಳಗಿನ ಮನೆಯ ತೆಲುಗು ಹೆಂಗಸರ ಮುಂದೆ ‘ಮಾ ಕೋಡಲು ಡಾಕ್ಟರ್, ಕಾನೀ ಸೂಜಿ ಡಾಕ್ಟರ್ ಕಾದು’, ನಮ್ಮ ಸೊಸೆ ಡಾಕ್ಟರ್, ಆದರೆ ಸೂಜಿ ಚುಚ್ಚುವ ಡಾಕ್ಟರಲ್ಲ, ಎಂದು ಹೇಳಿಕೊಳ್ಳುವುದೆಂದರೆ ಅವಳಿಗೆ ಬೆಲ್ಲ ತಿಂದಷ್ಟು ಖುಷಿ. ಹೇಳದೆ ಬಿಡುತ್ತಿದ್ದ ಸಂಗತಿ ಒಂದೇ: ಸೊಸೆಯ ನೌಕರಿ ಕಾಯಂ ಅಲ್ಲ. ಮೊಮ್ಮಗಳು ಪಿಂಕಿ ಹೊಟ್ಟೆಯಲ್ಲಿದ್ದಾಗ ವಿಶ್ವವಿದ್ಯಾಲಯಕ್ಕೆ ಕಾಂಟ್ರ್ಯಾಕ್ಟಿನ ಮೇಲೆ ಸೇರಿದವಳು ರಶ್ಮಿ. ಈಗ ಪಿಂಕಿ ನಾಲ್ಕನೇ ಕ್ಲಾಸು. ಪ್ರತಿ ಬೇಸಿಗೆಯಲ್ಲಿ ಅವಳನ್ನು ಬಿಡಿಸಿ, ಒಂದೆರಡು ದಿನ ಮನೆಯಲ್ಲಿ ಕೂರಿಸಿ, ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಕೆಲಸ ಮಾತ್ರ ಕಾಯಂ ಇದ್ದವರಿಗಿಂತ ಒಂದು ಕೈ ಹೆಚ್ಚೇ.

ಆ ವರ್ಷ ಇದ್ದಕ್ಕಿದ್ದಂತೆ ಅವಳ ವಿಭಾಗದಲ್ಲಿ ಒಂದು ಕಾಯಂ ಜಾಗಕ್ಕೆ ಅರ್ಜಿ ಕರೆದರು. ಒಂದೇ ಜಾಗ. ರಾತ್ರಿ ಊಟಕ್ಕೆ ಬಡಿಸುತ್ತ ರಶ್ಮಿ ಆ ಸುದ್ದಿ ಹೇಳಿ, ಜೊತೆಗೆ ಅದರ ತೊಡಕನ್ನೂ ಹೇಳಿದಳು. ಅವಳ ದೊಡ್ಡ ಪ್ರಬಂಧವೊಂದು ಹೊರದೇಶದ ಪತ್ರಿಕೆಯವರ ಕೈಯಲ್ಲಿತ್ತು. ಅದು ಒಪ್ಪಿಗೆಯಾದರೆ ಅಂಕ ಸಿಗುತ್ತವೆ, ಅಂಕ ಸಿಕ್ಕರೆ ಜಾಗ ಸಿಗುತ್ತದೆ. ಆದರೆ ಪತ್ರಿಕೆಯವರು ಕೊಕ್ಕೆ ಹಾಕಿದ್ದರು. ಆಂಟೆನಾವನ್ನು ಬರೀ ಹುಡುಗರ ಮೈಮೇಲೆ ಅಳೆದಿದ್ದೀರಿ, ಹೃದಯದ ಕಾಯಿಲೆ ಬರುವುದು ವಯಸ್ಸಾದವರಿಗೆ, ಅವರ ಮೈಮೇಲೂ ಅಳೆದು ತೋರಿಸಿ ಎಂದು ಬರೆದಿದ್ದರು.

“ಎಪ್ಪತ್ತು ದಾಟಿದವರು ಯಾರರ ಬೇಕು. ಇಬ್ಬರು ಸಿಕ್ಕಾರ, ಲ್ಯಾಬಿನ ರಿಟೈರ್ಡ್ ಮಂದಿ. ಇಬ್ಬರದೂ ಹೊಟ್ಟಿ ದೊಡ್ಡದು. ತೆಳ್ಳಗಿದ್ದವರೊಬ್ಬರು ಸಿಕ್ಕಿದ್ರ ಚೊಲೋ ಇತ್ತು,” ಎಂದಳು ರಶ್ಮಿ.

ಉಮಾಬಾಯಿಯ ಗಂಡ ಶಿವಶರಣಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಮತ್ತ ನಾ ಏನ್ ಸತ್ತೀನೇನು?”

“ಮಾವಾರ, ಅಂಗಿ ಬಿಚ್ಚಿ ಭಾಳ ಹೊತ್ತು ನಿಂದ್ರಬೇಕಾಗ್ತೈತ್ರಿ.”

“ಕಾರ್ಖಾನ್ಯಾಗ ಭಟ್ಟಿ ಮುಂದ ನಿಂತ ಮೈ ಇದು. ನಿಂದ್ರತೀನಿ.”

“ಎದಿ ಎಲುಬು ಎಣಿಸಬೌದು, ಅಷ್ಟು ತೆಳ್ಳಗದಾರ,” ಎಂದಳು ಉಮಾಬಾಯಿ. “ತುಪ್ಪ ಹಾಕಿದ್ರ ಬದಿಗೆ ಸರಸ್ತಾರ. ಇಷ್ಟು ವರ್ಷಕ್ಕ ಒಮ್ಮೆ ಉಪಯೋಗಕ್ಕ ಬಂತು, ಕರ್ಕೊಂಡು ಹೋಗು.”

ಹೀಗೆ ಶಿವಶರಣಪ್ಪ ವಿಜ್ಞಾನಕ್ಕೆ ಸೇರಿದರು. ಶನಿವಾರ ಬೆಳಗಾಗೆದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಮತ್ತೆ ಕರಡಿಗೆಯಲ್ಲಿಟ್ಟು, ಇಸ್ತ್ರಿ ಅಂಗಿ ತೊಟ್ಟು ಸೊಸೆಯ ಜೊತೆ ಮೆಟ್ರೋ ಹತ್ತಿದರು. ಸಂಜೆ ಬಂದವರು ಕಾಲು ತೊಳೆಯುವ ಮೊದಲೇ ಕಥೆ ಶುರು ಮಾಡಿದರು.

“ಏನ್ ಖೋಲಿ ಉಮಾ ಅದು. ಗ್ವಾಡಿ, ಮಾಡು, ಬಾಗಲ ಎಲ್ಲಾ ನೀಲಿ ಸ್ಪಂಜಿನ ಮುಳ್ಳು. ಮಾತಾಡಿದ್ರ ಮಾತು ಬಾಯಾಗ ಉಳೀತೈತಿ, ಹೊಳ್ಳಿ ಬರಂಗಿಲ್ಲ. ನಡುವ ಒಂದು ತಿರುಗೋ ಮಣಿ. ಅದರ ಮ್ಯಾಲ ನನ್ನ ನಿಂದ್ರಿಸಿ ಸಾವಕಾಶ ತಿರುಗಿಸಿದ್ರು.”

“ಚಕ್ಕರ ಬರಲಿಲ್ಲೇನ್ರಿ?”

“ಬರಲಿಲ್ಲ. ನಿತಿನ ಅಂತ ಒಬ್ಬ ಹುಡುಗ ಅದಾನ, ಇವಳ ಕೈ ಕೆಳಗ ಓದಾಕತ್ತಾನ. ಭಾಳ ಮರ್ಯಾದಿ. ಬನೀನ ಮ್ಯಾಲ ಆಂಟೆನಾದ ಪಟ್ಟಿ ಅವನ ಕಟ್ಟಿದ. ಮೈಮ್ಯಾಲ ಮೆಟಲ್ ಏನೂ ಇರಬಾರದು ತಾತಾ ಅಂದ. ಗಡಿಯಾರ, ಉಂಗರ, ಚಸ್ಮಾ, ಬೆಲ್ಟು, ಕಿಸೆದಾಗಿನ ಚಿಲ್ಲರ, ಎಲ್ಲಾ ತಗದು ತಾಟಿನಾಗ ಇಟ್ಟೆ.”

“ರಶ್ಮಿ ಎಲ್ಲಿದ್ಲು?”

“ಹೊರಗ, ಮಶಿನ್ ಮುಂದ. ನಾ ಅಂಗಿ ಬಿಚ್ಚಿ ನಿಂತಲ್ಲಿ ಸೊಸಿ ಹ್ಯಾಂಗ ಬಂದಾಳು?”

ಉಮಾಬಾಯಿಗೂ ಅದು ಸರಿಯೆನ್ನಿಸಿತು. ಮದುವೆಯಾಗಿ ಬಂದಾಗಿನಿಂದ ರಶ್ಮಿ ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ. ಎಷ್ಟು ಓದಿದರೂ ಮರ್ಯಾದೆ ಬಿಡದ ಹುಡುಗಿ ಎಂದು ಬೀಗರ ಮುಂದೆ ಹೊಗಳಿಸಿಕೊಂಡವಳು.

ಮೂರು ಶನಿವಾರ ಹೋಗಿ ಬಂದರು. ಕೆಲವು ವಾರಗಳಲ್ಲಿ ಪ್ರಬಂಧ ಒಪ್ಪಿಗೆಯಾಯಿತು. ಉಮಾಬಾಯಿ ಹೋಳಿಗೆ ಮಾಡಿದಳು. ರಶ್ಮಿಯ ಗುರು ರವಿಶಂಕರ್ ಸರ್ ಫೋನು ಮಾಡಿ, ಇನ್ನು ಜಾಗ ನಿನ್ನದೇ ಎಂದರಂತೆ. ಪ್ರಬಂಧಕ್ಕೆ ಬೆಲೆ ಬಂದದ್ದೇ ಶಿವಶರಣಪ್ಪನವರಿಂದ. ಹೊಟ್ಟೆಯಿದ್ದ ಇಬ್ಬರ ಮೇಲೆ ಸಿಗ್ನಲ್ ಎಲ್ಲರಂತೆಯೇ ಬಂದಿತ್ತು. ಶಿವಶರಣಪ್ಪನವರ ಎದೆಯಿಂದ ಮಾತ್ರ ಜೋರಾಗಿ, ನೇರವಾಗಿ ಮುಂದಕ್ಕೆ ಚಿಮ್ಮಿತ್ತು. ಮೂರು ಸಲ ಅಳೆದರೂ ಹಾಗೆಯೇ. ತೆಳ್ಳಗಿನ ವೃದ್ಧರ ಎದೆ ಆಂಟೆನಾಕ್ಕೆ ಅನುಕೂಲ ಎಂದು ರಶ್ಮಿ ಬರೆದಳು. ಪತ್ರಿಕೆಯವರು ಇದು ಹೊಸ ಸಂಗತಿ ಎಂದು ಮೆಚ್ಚಿದರು.

ಅಂದಿನಿಂದ ಶಿವಶರಣಪ್ಪನವರ ಮುಂದೆ ತುಪ್ಪದ ಮಾತೆತ್ತುವ ಹಾಗಿಲ್ಲ.

“ಒಂದ ಚಮಚ ಹಾಕ್ಕೋರಿ. ಹೋಳಿಗಿ ಒಣಾ ಆಗೈತಿ.”

“ಬ್ಯಾಡ. ನನ್ನ ಎದಿ ಮ್ಯಾಲ ಪೇಪರ್ ನಿಂತೈತಿ.”

“ಮುತ್ಯಾ, ನೀವು ಆಂಟೆನಾ ಏನು?” ಎಂದಳು ಪಿಂಕಿ.

“ಅದರ ಅಪ್ಪ,” ಎಂದರು ಶಿವಶರಣಪ್ಪ. ಉದ್ಯಾನದ ಕಲ್ಲುಬೆಂಚಿನ ಗೆಳೆಯರಿಗೆ ಅವರು ಇದನ್ನು ಎಷ್ಟು ಸಲ ಹೇಳಿದ್ದರೋ, ಅವರಲ್ಲಿಬ್ಬರು ಊಟ ಕಡಿಮೆ ಮಾಡಿದ್ದರು.

ಸಂದರ್ಶನ ಗುರುವಾರ ಎಂದು ಗೊತ್ತಾಯಿತು. ಅದಕ್ಕೆ ಮೊದಲಿನ ವಾರ ಉಮಾಬಾಯಿಯ ಅಕ್ಕ ಗದಿಗೆಮ್ಮ ಬಂದು ಇದ್ದು, ಶನಿವಾರ ಊರಿಗೆ ಹೊರಟಳು. ಕಾಚಿಗೂಡದಲ್ಲಿ ರೈಲು ಹತ್ತಿಸಿ ಬರಲು ಗಂಡಹೆಂಡತಿ ಇಬ್ಬರೂ ಜೊತೆಗೆ ಹೋದರು. ಮಿಯಾಪುರದ ಮೆಟ್ರೋದಲ್ಲಿ ತಪಾಸಣೆಯ ಹುಡುಗ ಕೈಯಲ್ಲಿನ ಕೋಲನ್ನು ಶಿವಶರಣಪ್ಪನವರ ಮೈಮೇಲೆ ಆಡಿಸಿದ. ಎದೆಯ ಹತ್ತಿರ ಬಂದಾಗ ಕೋಲು ಕುಂಯ್ ಎಂದಿತು.

ಶಿವಶರಣಪ್ಪ ಅಂಗಿಯ ಮೇಲಿನಿಂದಲೇ ಕರಡಿಗೆ ಮುಟ್ಟಿ ತೋರಿಸಿ, “ದೇವುಡು, ಬಾಬು,” ಎಂದರು.

“ಸರೇ ತಾತಾ, ವೆಳ್ಳಂಡಿ,” ಎಂದು ಆ ಹುಡುಗ ಒಳಗೆ ಬಿಟ್ಟ.

ಹೆಂಗಸರ ಸಾಲಿನಿಂದ ಉಮಾಬಾಯಿ ಇದನ್ನು ನೋಡಿದಳು. ಇದೇ ಬಾಗಿಲಲ್ಲಿ ಇದೇ ಕುಂಯ್ ಎಷ್ಟೋ ಸಲ ಕೇಳಿದ್ದಳು. ಈ ಸಲ ಅದರ ಜೊತೆಗೇ, ಲ್ಯಾಬಿನಲ್ಲಿ ಗಂಡ ತಾಟಿನಲ್ಲಿಟ್ಟ ಸಾಮಾನು ಒಂದೊಂದಾಗಿ ನೆನಪಿಗೆ ಬಂತು. ಗಡಿಯಾರ, ಉಂಗುರ, ಚಸ್ಮಾ, ಬೆಲ್ಟು, ಚಿಲ್ಲರೆ. ಕಾಚಿಗೂಡದಲ್ಲಿ ಅಕ್ಕ ಕಿಟಕಿಯಿಂದ ಏನೇನೋ ಹೇಳುತ್ತಿದ್ದರೂ ಉಮಾಬಾಯಿ ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ಶಿವಶರಣಪ್ಪನವರ ಪೂಜೆ ಮುಗಿಯುವವರೆಗೆ ತಾಳಿಕೊಂಡಿದ್ದು, ಚಹಾ ಕೊಡುತ್ತ ಕೇಳಿದಳು. “ಲ್ಯಾಬಿನ್ಯಾಗ ಅದನ್ನ ತಗದಿದ್ರೇನ್ರಿ?”

“ಯಾವುದನ್ನ?”

“ಕರಡಗಿ.”

“ಬುದ್ಧಿ ಐತಿಲ್ಲ ನಿನಗ? ಲಿಂಗ ಮೈಮ್ಯಾಲಿಂದ ತಗೀತಾರೇನು?”

“ಆ ಹುಡುಗ ಮೆಟಲ್ ಇರಬಾರದು ಅಂದಿದ್ದ.”

“ಮೆಟಲ್ ಎಲ್ಲಾ ತಗದೆ. ಇದು ಲಿಂಗ.”

“ಕರಡಗಿ ಬೆಳ್ಳಿದಲ್ಲೇನ್ರಿ?”

ಶಿವಶರಣಪ್ಪ ಬಾಯಿಯ ಹತ್ತಿರ ಒಯ್ದ ಕಪ್ಪನ್ನು ಕೆಳಗಿಟ್ಟರು. ಆ ಮನುಷ್ಯ ಸುಳ್ಳು ಹೇಳಿದವರಲ್ಲ. ನಿತಿನ ಕೇಳಿದಾಗ ಅವರ ಲೆಕ್ಕದಲ್ಲಿ ಅದು ಗಡಿಯಾರ, ಉಂಗುರಗಳ ಜಾತಿಗೆ ಸೇರಿದ್ದೇ ಅಲ್ಲ. ಕೈಕಾಲು ತೆಗೆದಿಟ್ಟು ಬಾ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಅವರು ಅಂಗಿಯ ಮೇಲಿನಿಂದ ಕರಡಿಗೆ ಮುಟ್ಟಿಕೊಂಡರು.

“ಜೋರ ಹೊಡದದ್ದು ಎದಿ ಅಲ್ಲಂಗಾದ್ರ. ಬೆಳ್ಳಿ.”

“ಹಂಗ ಕಾಣತೈತಿ.”

“ಉಮಾ, ಗುರುವಾರ ಆಗೂತನಾ ಸುಮ್ಮನಿರು. ಆ ಹುಡುಗಿ ಕಾಯಂ ಆಗಲಿ. ಆಮ್ಯಾಲ ನಾನ ಹೇಳ್ತೀನಿ. ನನಗ ಮಾತು ಕೊಡು.”

ಉಮಾಬಾಯಿ ಮಾತು ಕೊಟ್ಟಳು. ಅಂಗಡಿಯವನು ಹೆಚ್ಚಿಗೆ ಚಿಲ್ಲರೆ ಕೊಟ್ಟರೆ ಬಿಸಿಲಲ್ಲಿ ವಾಪಸು ಹೋಗಿ ಕೊಟ್ಟು ಬರುವ ಗಂಡ, ಸೊಸೆಗಾಗಿ ಹೀಗೆ ಕೇಳಿದ್ದಕ್ಕೆ ಅವಳಿಗೆ ಸಂಕಟವಾಯಿತು. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಸೋಮವಾರ ಸಂಜೆ ರಶ್ಮಿ ಪಿಂಕಿಯನ್ನು ಎದುರಿಗೆ ಕೂರಿಸಿ, ತಾನು ನಿಂತುಕೊಂಡು ಸಂದರ್ಶನದ ತಾಲೀಮು ನಡೆಸಿದ್ದಳು. ಪಿಂಕಿ ಮುತ್ಯಾನ ಚಸ್ಮಾ ಹಾಕಿಕೊಂಡು ದೊಡ್ಡ ಸಾಹೇಬರಾಗಿದ್ದಳು. ಮಗ ಬಸವಕಿರಣ ಡ್ಯೂಟಿಯಿಂದ ಬಂದು ಸೋಫಾದ ಮೇಲೆ ಒರಗಿದ್ದ. ಶಿವಶರಣಪ್ಪ ಪೇಪರು ಹಿಡಿದು ಕೂತಿದ್ದರು. ಉಮಾಬಾಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

“ಮ್ಯಾಡಂ, ನಿಮ್ಮ ಹೊಸಾ ಸಂಗತಿ ಯಾವುದು?” ಎಂದಳು ಪಿಂಕಿ.

“ತೆಳ್ಳಗಿನ ವೃದ್ಧರ ಎದೆಯ ಮೇಲೆ ನಮ್ಮ ಆಂಟೆನಾ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ ಸರ್.”

“ಖರೇನ?”

“ಮೂರು ಸಲ ಅಳೆದಿದ್ದೇವೆ ಸರ್. ಖರೇ.”

ಉಮಾಬಾಯಿಯ ಕೈ ನಿಂತಿತು. ಮಗುವಿನ ಮುಂದೆ ಅವಳ ತಾಯಿ, ತನಗೇ ಗೊತ್ತಿಲ್ಲದೆ, ಸುಳ್ಳನ್ನು ಅಷ್ಟು ನೆಟ್ಟಗೆ ನಿಂತು ಹೇಳುವುದನ್ನು ಅವಳಿಂದ ಕೇಳಲಾಗಲಿಲ್ಲ. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ರಶ್ಮಿ, ಹಂಗ ಹೇಳಬ್ಯಾಡವಾ. ಮೂರೂ ಸರ್ತಿ ನಿಮ್ಮ ಮಾವನ ಎದಿ ಮ್ಯಾಲ ಬೆಳ್ಳಿ ಕರಡಗಿ ಇತ್ತು.”

ಶಿವಶರಣಪ್ಪ ಪೇಪರಿನ ಹಿಂದಿನಿಂದ, “ನನಗ ಮಾತು ಕೊಟ್ಟಿದ್ದಿ,” ಎಂದರು.

ರಶ್ಮಿ ಮಾವನ ಕಡೆ ತಿರುಗಿದಳು. “ಮೂರೂ ಶನಿವಾರ ಇತ್ತೇನ್ರಿ ಮಾವಾರ?”

“ಹುಟ್ಟಿದಾಗಿಂದ ಐತವಾ.”

ರಶ್ಮಿ ಕುರ್ಚಿಯ ಮೇಲೆ ಕುಸಿದಳು. ಮಾವನ ಎದುರು ಕೂತಿದ್ದು ಅವಳಿಗೂ ತಿಳಿಯಲಿಲ್ಲ, ಯಾರಿಗೂ ತಿಳಿಯಲಿಲ್ಲ. “ಆಂಟೆನಾದ ಬೆನ್ನಿಗೆ ಬೆಳ್ಳಿ. ಕನ್ನಡಿ ಇಟ್ಟಂಗಾಗೈತಿ. ಎಲ್ಲಾ ಮುಂದ ಹೊಡದೈತಿ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಬಸವಕಿರಣ ಎದ್ದು ಕೂತ. “ಅವ್ವ, ಈಗ ಇದನ್ನ ಹೇಳೋ ಜರೂರತ್ತು ಏನಿತ್ತು? ಗುರುವಾರ ಮುಗೀತಿತ್ತು.”

“ಮುಗದ ಮ್ಯಾಲ ಹೇಳಿದ್ರ ಇಕಿ ನನ್ನ ಮಾರಿ ನೋಡತಿದ್ಲೇನು?”

“ನೋಡತಿದ್ಲು. ಕಾಯಂ ಆಗಿ ನೋಡತಿದ್ಲು. ರಶ್ಮಿ, ಅಚ್ಚಿನ ಕರಡು ಬಂದೈತಿ ಅಂದಿದ್ದಿಲ್ಲ? ಸಹಿ ಮಾಡಿ ಕಳಿಸು. ತಪ್ಪು ಆಮ್ಯಾಲ ತಿದ್ದಿದ್ರ ಆತು. ಎಲ್ಲರೂ ತಿದ್ದತಾರ.”

“ಗೊತ್ತಿಲ್ಲದಾಗ ಮಾಡಿದ್ರ ತಪ್ಪು. ಈಗ ಗೊತ್ತಾಗೈತಲ್ಲ, ಹ್ಯಾಂಗ ಸಹಿ ಹಾಕ್ಲಿ?”

“ಯಾರು ಬಂದು ನೋಡ್ತಾರ?”

“ನಾಳೆ ಯಾರರ ಇದನ್ನ ನಂಬಿ ತೆಳ್ಳಗಿದ್ದವರಿಗೆ ಅಂಗಿ ಹೊಲೀತಾರ. ದವಾಖಾನಿಗೆ ಸುದ್ದಿ ಮುಟ್ಟಂಗಿಲ್ಲ. ಮುದುಕಪ್ಪ ಮನ್ಯಾಗ ಬಿದ್ದಿರತಾನ.”

“ಪ್ರತಿ ವರ್ಷ ಬ್ಯಾಸಗಿಯಾಗ ಅಳೋದು ನೀನ. ನಾನಲ್ಲ,” ಎಂದು ಬಸವಕಿರಣ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಪಿಂಕಿ ಚಸ್ಮಾ ತೆಗೆದು ಮುತ್ಯಾನ ಕೈಗೆ ಕೊಟ್ಟಳು.

ರಶ್ಮಿ ರವಿಶಂಕರ್ ಸರ್‌ಗೆ ಫೋನು ಮಾಡಿದಳು. ಅವರೂ ಬಸವಕಿರಣನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಪತ್ರಿಕೆಯವರಿಗೆ ಶುಕ್ರವಾರ ಬರೆ, ನಾಲ್ಕು ದಿನಕ್ಕೆ ಆಕಾಶ ಬೀಳುವುದಿಲ್ಲ ಎಂದರು. ಹಟ ಹಿಡಿದರೆ ನಿನ್ನಿಷ್ಟ ಎಂದೂ ಅಂದರು. ಮಂಗಳವಾರ ಬೆಳಿಗ್ಗೆ ಪಿಂಕಿಯ ಡಬ್ಬಿ ಕಟ್ಟಿ, ಮಾವನಿಗೆ ಚಹಾ ಕೊಟ್ಟು, ರಶ್ಮಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪ್ರಬಂಧ ಹಿಂತೆಗೆದುಕೊಂಡಿದ್ದೇನೆಂದು ಬರೆದು ಕಳಿಸಿದಳು. ಆಮೇಲೆ ಬೇಳೆ ತೊಳೆದಿಟ್ಟು ಕೆಲಸಕ್ಕೆ ಹೋದಳು.

ಗುರುವಾರ ಸಂಜೆ ಬಂದವಳನ್ನು ಬಾಗಿಲಲ್ಲೇ ಉಮಾಬಾಯಿ ಕೇಳಿದಳು. “ಏನಂದ್ರು?”

“ಪೇಪರ್ ಎಲ್ಲಿ ಅಂದ್ರು. ಹಿಂದಕ್ಕ ತಗೊಂಡೀನಿ ಅಂದೆ. ಯಾಕ ಅಂದ್ರು. ಹೇಳಿದೆ.”

“ಖರೇ ಹೇಳಿದ್ದಕ್ಕ ಮೆಚ್ಚಿರಬೇಕು.”

“ಒಬ್ಬರು ಮೆಚ್ಚಿದ್ರು. ಇನ್ನೊಬ್ಬರು, ಇಷ್ಟು ಸಣ್ಣದು ನೋಡಲಾರದವರು ಹುಡುಗರಿಗೆ ಏನ್ ಕಲಸ್ತೀರಿ ಅಂದ್ರು.”

ಹತ್ತು ಹನ್ನೆರಡು ದಿನಕ್ಕೆ ಹೆಸರು ಹೊರಬಿತ್ತು. ಬೇರೆಯವರದು. ಆ ಜಾಗ ಇನ್ನು ರಶ್ಮಿಯ ಕೂದಲು ಬೆಳ್ಳಗಾಗುವವರೆಗೆ ತೆರವಾಗುವುದಿಲ್ಲ. ಬಸವಕಿರಣ ಕೆಲವು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಹಾಲು, ತರಕಾರಿ ಎಂದು ಬೇಕಾದಷ್ಟೇ ಆಡತೊಡಗಿದ. ಶಿವಶರಣಪ್ಪ ಮಾತ್ರ ತಾಟು ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಒಬ್ಬರೇ ಉಣ್ಣತೊಡಗಿದರು. ಉದ್ಯಾನದ ಬೆಂಚಿಗೂ ಹೋಗುವುದು ಬಿಟ್ಟರು.

ಒಂದು ಸಂಜೆ ಅತ್ತೆಸೊಸೆ ಇಬ್ಬರೂ ಮೆಂತ್ಯೆ ಸೋಸುತ್ತಿದ್ದಾಗ ಉಮಾಬಾಯಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು. “ನಾ ನಾಕು ದಿನ ಬಾಯಿ ಮುಚ್ಚಿಕೊಂಡಿದ್ರ ನಿನಗ ನೌಕರಿ ಆಗತಿತ್ತು.”

ಇಲ್ಲ ಅತ್ತಿ, ಹಾಗೇನಿಲ್ಲ ಎನ್ನುತ್ತಾಳೆಂದು ಅವಳು ಕಾದಳು. ರಶ್ಮಿ ಸೊಪ್ಪಿನ ಎಲೆ ಬಿಡಿಸುತ್ತಲೇ ಹೇಳಿದಳು. “ಆಗತಿತ್ತು ಅತ್ತಿ.”

ಉಮಾಬಾಯಿಯ ಕಣ್ಣು ತುಂಬಿದವು. ರಶ್ಮಿ ಕಡ್ಡಿಗಳನ್ನು ಒಟ್ಟುಗೂಡಿಸಿ ಎದ್ದಳು. “ನೀವು ಹೇಳಿದ್ದಕ್ಕ ನಂಗ ಸಿಟ್ಟಿಲ್ರಿ. ಕೂತು ಅಳಾಕ ವ್ಯಾಳ್ಯಾನೂ ಇಲ್ಲ. ಮತ್ತೊಮ್ಮೆ ಅಳೀಬೇಕು. ಮಾವಾರಿಗೆ ಬರ್ರಿ ಅಂತ ಕೇಳಾಕ ಹೊಂಟೀನಿ.”

ಶಿವಶರಣಪ್ಪ ಸೊಸೆಯ ಮಾತು ಕೇಳಿ ತಲೆ ಕೆಳಗೆ ಹಾಕಿದರು. “ನನ್ನ ಬಿಡವಾ. ಒಮ್ಮೆ ಹಾಳು ಮಾಡಿದ್ದು ಸಾಕು. ಲಿಂಗ ತಗೀ ಅಂದ್ರ ನನಗ ಆಗಂಗಿಲ್ಲ.”

“ತಗೀಬ್ಯಾಡ್ರಿ. ಲಿಂಗ ಕಲ್ಲಿಂದು, ಅದರಿಂದ ತ್ರಾಸಿಲ್ಲ. ಬೆಳ್ಳಿ ಅಷ್ಟ ಬ್ಯಾಡ.”

ಶಿವಶರಣಪ್ಪ ತಲೆ ಎತ್ತಿದರು. “ನಮ್ಮ ಮುತ್ಯಾ ಹೊಲದಾಗ ಕೆಲಸ ಇದ್ದಾಗ ಅರಿವ್ಯಾಗ ಸುತ್ತಿ ರಟ್ಟಿಗೆ ಕಟ್ಟಿಕೊಳ್ತಿದ್ರು. ಹಂಗ ನಡೀತೈತೇನು?”

“ನಡೀತೈತ್ರಿ.”

ಉಮಾಬಾಯಿ ಬಿಳಿ ಅರಿವೆಯ ಚೀಲ ಹೊಲಿದಳು. ಶನಿವಾರ ತಾನೂ ಬರುತ್ತೇನೆಂದು ಹಟ ಹಿಡಿದು ಹೋದಳು. ಗಂಡ ಹೇಳಿದಂತೆಯೇ ಇತ್ತು ಕೋಣೆ, ಸುತ್ತ ನೀಲಿ ಮುಳ್ಳು. ನಿತಿನ ತಾಟು ಹಿಡಿದು ಬಂದಾಗ ರಶ್ಮಿ ಅವನನ್ನು ತಡೆದು, “ನೀನು ಮಷಿನ್ ನೋಡಿಕೋ, ಒಳಗೆ ನಾನು ನೋಡ್ತೀನಿ,” ಎಂದಳು.

ಶಿವಶರಣಪ್ಪ ಮಣೆಯ ಮೇಲೆ ನಿಂತು, ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡಿದ್ದರು. ಅಂಗಿಯ ತೋಳಿನ ಕೆಳಗೆ ಲಿಂಗದ ಬಿಳಿ ಚೀಲ ಇಣುಕುತ್ತಿತ್ತು.

“ಅಂಗಿ ತಗೀರಿ ಮಾವಾರ.”

ಅವರು ಹೆಂಡತಿಯ ಕಡೆ ನೋಡಿದರು. ಉಮಾಬಾಯಿ ತಗೀರಿ ಎಂಬಂತೆ ತಲೆಯಾಡಿಸಿದಳು. ಅಂಗಿ ಬಂತು, ಬನಿಯನ್ನು ಬಂತು. ರಶ್ಮಿ ಹತ್ತಿರ ಹೋಗಿ ಅವರ ಕೊರಳು, ಹೆಗಲು, ಬೆನ್ನು, ಪಕ್ಕೆ ಎಲ್ಲ ಕೈಯಾಡಿಸಿ ನೋಡಿದಳು. ಸೊಂಟದ ಹತ್ತಿರ ಅವಳ ಕೈ ನಿಂತಿತು.

“ಇದೇನ್ರಿ?”

“ಉಡದಾರವಾ. ಲಗ್ನದಾಗ ಹಾಕಿದ್ದು.”

“ಬೆಳ್ಳಿದೇನ್ರಿ?”

ಶಿವಶರಣಪ್ಪ ಉಡಿದಾರವನ್ನು ಕೈಯಿಂದ ಮುಚ್ಚಿಕೊಂಡರು. ಬದುಕಿರುವ ಗಂಡಸಿನ ಉಡಿದಾರ ಬಿಚ್ಚುವುದಿಲ್ಲ, ಅದು ರಶ್ಮಿಗೂ ಗೊತ್ತು. ಉಮಾಬಾಯಿ ಬಾಗಿಲಿನಿಂದ ಬಂದು, ತನ್ನ ಸೀರೆಯ ಸೆರಗಿನ ಅಂಚಿನಿಂದ ನೂಲಿನ ಎಳೆಗಳನ್ನು ಹಿರಿದು ಹೊಸೆದು, ಮೊದಲು ಅದನ್ನು ಗಂಡನ ಸೊಂಟಕ್ಕೆ ಕಟ್ಟಿದಳು. ಆಮೇಲೆ ಬೆಳ್ಳಿಯದನ್ನು ಬಿಚ್ಚಿ ತಾಟಿಗೆ ಹಾಕಿದಳು.

“ನಿತಿನಂದು ತಪ್ಪಿಲ್ಲ, ನಿಮ್ಮದೂ ಇಲ್ಲ,” ಎಂದಳು ರಶ್ಮಿ, ತಾಟಿನ ಕಡೆ ನೋಡುತ್ತ. “ಇದು ಬಾಯಿಲೆ ಕೇಳಿದ್ರ ಆಗೋದಲ್ಲ. ಮೈ ಮುಟ್ಟಿ ನೋಡಬೇಕಿತ್ತು. ನಾ ನಾಚಿಕೊಂಡು ಹೊರಗ ನಿಂತೆ. ನಮ್ಮಪ್ಪನ ಎದಿ ಆಗಿದ್ರ ನೋಡತಿದ್ದೆ.”

“ಈಗ ನೋಡವಾ,” ಎಂದು ಶಿವಶರಣಪ್ಪ ಎರಡೂ ಕೈ ಮೇಲೆತ್ತಿ ನಿಂತರು.